ನಾಲ್ಕು ಜನ ಏನಂತಾರೋ ನಾನೂ ಅದೇ ಅಂತೀನಿ

ಒಬ್ಬನೇ ಇದ್ದಾಗ ನನ್ನಷ್ಟು ದೃಢಮನಸ್ಸಿನ ಮನುಷ್ಯ ಇಡೀ ಕುವೆಂಪುನಗರದಲ್ಲಿ ಇನ್ನೊಬ್ಬನಿಲ್ಲ. ಬಚ್ಚಲುಮನೆಯಲ್ಲಿ ನಾನು ತೆಗೆದುಕೊಂಡ ನಿರ್ಧಾರಗಳನ್ನು ಯಾರಾದರೂ ಬರೆದಿಟ್ಟಿದ್ದರೆ ಅದೊಂದು ಸಂವಿಧಾನವೇ ಆಗುತ್ತಿತ್ತು. ಭಾವಮೈದನಿಗೆ ಇನ್ನು ಕೈಸಾಲ ಕೊಡುವುದಿಲ್ಲ. ಮದುವೆಮನೆಯಲ್ಲಿ ಎರಡನೇ ಸಲ ಹೋಳಿಗೆ ಬಡಿಸಿಕೊಳ್ಳುವುದಿಲ್ಲ. ಮನಸ್ಸಿಗೆ ಒಪ್ಪದ್ದಕ್ಕೆ ತಲೆ ಆಡಿಸುವುದಿಲ್ಲ. ಆದರೆ ಮೈ ಒರೆಸಿಕೊಂಡು ನಡುಮನೆಗೆ ಬಂದು, ಅಲ್ಲಿ ಮೂರು ಜನ ಕೂತಿರುವುದು ಕಂಡರೆ ಮುಗಿಯಿತು, ತಿದ್ದುಪಡಿಗಳು ಶುರುವಾಗುತ್ತವೆ. ಸಂಜೆಯ ಹೊತ್ತಿಗೆ ಭಾವಮೈದನ ಜೇಬಿನಲ್ಲಿ ನನ್ನ ದುಡ್ಡು, ನನ್ನ ಹೊಟ್ಟೆಯಲ್ಲಿ ಎರಡನೇ ಹೋಳಿಗೆ.

ಇದು ನನ್ನೊಬ್ಬನ ರೋಗ ಅಂದುಕೊಂಡಿದ್ದೆ. ಮಗಳು ಮನೋವಿಜ್ಞಾನದಲ್ಲಿ ಎಂ.ಎ.ಗೆ ಸೇರಿದ ಮೇಲೆ ಗೊತ್ತಾಯಿತು, ಇದಕ್ಕೊಂದು ಶಾಸ್ತ್ರವೇ ಇದೆ. ಅದಕ್ಕೆ ಸಾಮಾಜಿಕ ಮನೋವಿಜ್ಞಾನ ಅನ್ನುತ್ತಾರಂತೆ. ಪಕ್ಕದಲ್ಲಿ ನಾಲ್ಕು ಜನ ಇದ್ದಾಗ ಮನುಷ್ಯ ಯಾಕೆ ಬೇರೆ ಮನುಷ್ಯನಾಗುತ್ತಾನೆ ಅನ್ನುವುದನ್ನು ವಿದ್ವಾಂಸರು ನೂರು ವರ್ಷಕ್ಕೂ ಮಿಗಿಲಾಗಿ ಅಳೆದು ತೂಗುತ್ತಿದ್ದಾರೆ. ನನಗೆ ಬಹಳ ಸಮಾಧಾನವಾಯಿತು. ಆದರೆ ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಮಗಳು ಪುಸ್ತಕದಲ್ಲಿ ಓದಿದ ಒಂದೊಂದು ಪ್ರಯೋಗಕ್ಕೂ ಮನೆಯೊಳಗೇ ಉದಾಹರಣೆ ಹುಡುಕತೊಡಗಿದಳು. ಬಹುಪಾಲು ಉದಾಹರಣೆಗಳು ಲುಂಗಿ ಉಟ್ಟುಕೊಂಡು ಪೇಪರ್ ಓದುತ್ತಾ ಕೂತಿರುತ್ತಿದ್ದವು.

ಮೊದಲ ಪಾಠ ಬೀರುವಿನದು. ಕೋಣೆಯಲ್ಲಿದ್ದ ಹಳೇ ಕಬ್ಬಿಣದ ಬೀರುವನ್ನು ನಡುಮನೆಗೆ ಸಾಗಿಸಬೇಕಿತ್ತು. ನಾನು, ಮಗ, ಭಾವಮೈದ, ಪಕ್ಕದ ಮನೆಯ ರಾಯರು, ಹೀಗೆ ನಾಲ್ಕು ಜನ ಕೈಹಚ್ಚಿದೆವು. ‘ಹೈಸಾ’ ಅನ್ನುವುದರಲ್ಲಿ ನನ್ನದೇ ಮುಂದಾಳ್ತನ. ಹಲ್ಲು ಕಚ್ಚಿದೆ, ಕಣ್ಣು ಕೆಂಪಗೆ ಮಾಡಿಕೊಂಡೆ, ಮಧ್ಯೆ ಎರಡು ಸಲ ಬೆವರೊರೆಸಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಮಗಳು ಎಲ್ಲರಿಗೂ ಕೇಳುವಂತೆ, “ಅಪ್ಪಾ, ನೀನು ಬೀರು ತಳ್ತಾ ಇಲ್ಲ, ಬೀರುಗೆ ಒರಗಿಕೊಂಡಿದ್ದೀಯ” ಅಂದಳು.

ಇದನ್ನು ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಎಂಬ ಕೃಷಿ ಎಂಜಿನಿಯರು ಎಂದೋ ಕಂಡುಹಿಡಿದಿದ್ದಾನೆ. ಜನರ ಕೈಯಲ್ಲಿ ಹಗ್ಗ ಎಳೆಸಿ, ಬಲ ಅಳೆದು, 1913ರಲ್ಲಿ ಲೆಕ್ಕ ಪ್ರಕಟಿಸಿದ. ಎಂಟು ಜನ ಸೇರಿ ಎಳೆಯುವಾಗ ಒಬ್ಬೊಬ್ಬನ ಪಾಲಿಗೆ ಬರುವ ಬಲ, ಅವನು ಒಬ್ಬನೇ ಎಳೆಯುವಾಗ ಹಾಕುವ ಬಲದ ಅರ್ಧಕ್ಕಿಂತ ಕಡಿಮೆ. ಎಲ್ಲರೂ ಒಟ್ಟಿಗೆ ಎಳೆಯಲು ಗತಿ ಕೂಡಿಬರುವುದಿಲ್ಲ, ಅದೊಂದು ಕಾರಣ ನಿಜ. ಆದರೆ ಅದೊಂದೇ ಅಲ್ಲ ಎಂದು 1979ರಲ್ಲಿ ಬಿಬ್ ಲಟಾನೆ ಮತ್ತು ಜೊತೆಯವರು ತೋರಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ‘ನಿಮ್ಮ ಜೊತೆ ಇನ್ನೂ ಕೆಲವರು ಕೂಗುತ್ತಿದ್ದಾರೆ’ ಎಂದು ನಂಬಿಸಿದರೆ ಸಾಕು, ಒಬ್ಬನೇ ಕೂಗುವವನ ಗಂಟಲೂ ತಗ್ಗುತ್ತದೆ. ಯಾರ ಪಾಲು ಎಷ್ಟು ಎಂದು ಗೊತ್ತಾಗದ ಕಡೆ ಎಲ್ಲರೂ ಸ್ವಲ್ಪ ಸ್ವಲ್ಪ ಮಿಗಿಸಿಕೊಳ್ಳುತ್ತಾರೆ. ಇದಕ್ಕೆ ಸಾಮಾಜಿಕ ಮೈಗಳ್ಳತನ ಎಂದು ಹೆಸರು. ನಾನು ಮೈಗಳ್ಳ ಅಲ್ಲ ಎಂದು ಮದುವೆಯಾದಂದಿನಿಂದ ವಾದಿಸುತ್ತಾ ಬಂದವನು. ಈಗ ಹೆಂಡತಿ, “ಸಾಮಾಜಿಕ ಮೈಗಳ್ಳರೇ, ಸ್ವಲ್ಪ ತರಕಾರಿ ತಂದ್ಕೊಡ್ತೀರಾ?” ಎಂದು ಬಿರುದು ಹಚ್ಚಿ ಕರೆಯುತ್ತಾಳೆ.

ಎರಡನೆಯದು ಹಾಲಿನ ಪ್ರಕರಣ. ಭಾನುವಾರ ಬೆಳಿಗ್ಗೆ ಹೆಂಡತಿ ಒಲೆಯ ಮೇಲೆ ಹಾಲಿಟ್ಟು, “ಯಾರಾದ್ರೂ ಹಾಲು ನೋಡ್ಕೊಳ್ರಪ್ಪ” ಎಂದು ಹೇಳಿ ಬಟ್ಟೆ ಒಣಹಾಕಲು ತಾರಸಿಗೆ ಹೋದಳು. ನಡುಮನೆಯಲ್ಲಿ ನಾವು ಮೂವರು ಇದ್ದೆವು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ನಾನು ಪೇಪರಿನ ಅಂಚಿನಿಂದ ಮಗನ ಮುಖ ನೋಡಿದೆ. ಅವನು ಮೊಬೈಲಿನ ಅಂಚಿನಿಂದ ಅಕ್ಕನ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. ಮೂರೂ ಮುಖ ಪ್ರಶಾಂತವಾಗಿದ್ದವು. ಹಾಗಾದರೆ ಇದು ಪಕ್ಕದ ಮನೆಯ ಹಾಲೇ ಇರಬೇಕು ಎಂದು ಮೂವರೂ ತೀರ್ಮಾನಿಸಿ ಓದು ಮುಂದುವರಿಸಿದೆವು.

1968ರಲ್ಲಿ ಜಾನ್ ಡಾರ್ಲಿ ಮತ್ತು ಅದೇ ಲಟಾನೆ ಇದನ್ನೇ ಹೊಗೆ ಬಿಟ್ಟು ಪರೀಕ್ಷಿಸಿದರು. ಕೋಣೆಯಲ್ಲಿ ಕೂತು ಪ್ರಶ್ನಾವಳಿ ತುಂಬುತ್ತಿರುವವರ ಮೇಲೆ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬನೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ಹೇಳಿದರು. ಮೂವರು ಕೂಡಿ ಕೂತಿದ್ದಾಗ, ಹೊಗೆಯ ವಿಷಯ ಒಬ್ಬರಾದರೂ ಹೇಳಿದ ತಂಡಗಳು ನೂರಕ್ಕೆ 38. ಅಕ್ಕಪಕ್ಕ ಇಬ್ಬರು ಮೊದಲೇ ಹೇಳಿಕೊಟ್ಟಂತೆ ಏನೂ ಆಗಿಲ್ಲವೆಂಬ ಹಾಗೆ ಕೂತಿದ್ದರಂತೂ ನೂರಕ್ಕೆ ಹತ್ತೇ ಮಂದಿ ಎದ್ದರು. ಉಳಿದವರು ಕಣ್ಣುಜ್ಜಿಕೊಳ್ಳುತ್ತಾ, ಕೆಮ್ಮುತ್ತಾ, ಹೊಗೆಯನ್ನು ಕೈಯಿಂದ ಬೀಸಿಕೊಳ್ಳುತ್ತಾ ಪ್ರಶ್ನಾವಳಿ ತುಂಬಿದರು. ಅವರೆಲ್ಲ ನನ್ನ ಒಡಹುಟ್ಟಿದವರು ಅನ್ನಿಸಿತು.

ನಮ್ಮ ಅಮ್ಮ ಈ ಪುಸ್ತಕಗಳನ್ನು ಓದಿದವಳಲ್ಲ. ಆದರೆ ಅವಳು ಯಾವತ್ತೂ ‘ಯಾರಾದ್ರೂ’ ಅನ್ನುವುದಿಲ್ಲ. ದೇವರ ಮನೆಯಿಂದಲೇ ಕೂಗಿದಳು: “ಲೋ, ಪೇಪರ್ ಹಿಡ್ಕೊಂಡಿರೋನೇ, ನಿನಗೇ ಹೇಳ್ತಿರೋದು. ಎದ್ದು ಗ್ಯಾಸ್ ಆರಿಸೋ.” ನಾನು ಎದ್ದೆ. ಪ್ರಥಮ ಚಿಕಿತ್ಸೆ ಕಲಿಸುವವರು ಇವತ್ತಿಗೂ ಹೇಳಿಕೊಡುವುದು ಇದನ್ನೇ: ಗುಂಪಿನ ಕಡೆ ನೋಡಿ ‘ಯಾರಾದರೂ ಆಂಬ್ಯುಲೆನ್ಸ್ ಕರೆಯಿರಿ’ ಅನ್ನಬೇಡಿ, ಒಬ್ಬರತ್ತ ಬೆರಳು ತೋರಿಸಿ ‘ನೀಲಿ ಅಂಗಿಯವರೇ, ನೀವು ಕರೆಯಿರಿ’ ಅನ್ನಿ. ಹೊಣೆ ಹತ್ತು ಜನಕ್ಕೆ ಹಂಚಿಹೋದರೆ ಯಾರ ಪಾಲಿಗೂ ಬರುವುದಿಲ್ಲ.

ಮೈಗಳ್ಳತನವೇನೋ ಸರಿ, ಮನಸ್ಸಿಟ್ಟು ಮಾಡುವ ಕೆಲಸದಲ್ಲಾದರೂ ನನಗೆ ಮರ್ಯಾದೆ ಉಳಿಯಬೇಕಲ್ಲ? ಕಾರು ಹಿಂದೆ ತೆಗೆಯುವುದನ್ನೇ ನೋಡಿ. ಯಾರೂ ಇಲ್ಲದಾಗ ನಾನು ನಮ್ಮ ಗೇಟಿನೊಳಗಿಂದ ಕಾರನ್ನು ಹೂವೆತ್ತಿದಂತೆ ಆಚೆಗೆ ತರುತ್ತೇನೆ. ಹೆಂಡತಿಯ ಅಕ್ಕ, ಷಡ್ಡಕ, ಅವರ ಮಕ್ಕಳು ಎಲ್ಲ ಜಗಲಿಯ ಮೇಲೆ ಸಾಲಾಗಿ ನಿಂತು “ಬರ್ಲಿ, ಬರ್ಲಿ, ಇನ್ನೂ ಬರ್ಲಿ” ಅಂದ ದಿನವೇ ಗೇಟಿನ ಕಂಬ ತಾನಾಗಿ ಬಂದು ನನ್ನ ಬಂಪರಿಗೆ ಮುತ್ತಿಕ್ಕುತ್ತದೆ.

ಇದಕ್ಕೂ ವಿವರಣೆ ಇದೆ. ಜನ ನೋಡುತ್ತಿದ್ದರೆ ಸುಲಭದ ಕೆಲಸ, ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಕಷ್ಟದ್ದು ಇನ್ನೂ ಕೆಡುತ್ತದೆ ಎಂದು ರಾಬರ್ಟ್ ಜಾಯನ್ಸ್ 1965ರಲ್ಲಿ ಬರೆದರು. ನಾಲ್ಕು ವರ್ಷದ ನಂತರ ಅವರು ಅದನ್ನು ಜಿರಳೆಗಳ ಮೇಲೆ ಪರೀಕ್ಷಿಸಿದರು. ಓಡುವ ದಾರಿಯ ಪಕ್ಕದಲ್ಲಿ ಪಾರದರ್ಶಕ ಗೂಡು ಮಾಡಿ, ಅದರೊಳಗೆ ಬೇರೆ ಜಿರಳೆಗಳನ್ನು ಪ್ರೇಕ್ಷಕರಾಗಿ ಕೂರಿಸಿದರು. ನೇರ ದಾರಿಯಲ್ಲಿ ಓಡಬೇಕಾದ ಜಿರಳೆ, ಪ್ರೇಕ್ಷಕರಿದ್ದಾಗ ಇನ್ನೂ ಚುರುಕಾಗಿ ಓಡಿತು. ತಿರುವು ಹಿಡಿಯಬೇಕಾದ ಜಿರಳೆ ತಡವರಿಸಿತು. ಮಗಳು ಇದನ್ನು ನೆಂಟರೆದುರಿಗೇ ವಿವರಿಸಿದಳು. ನನ್ನ ಹೆಂಡತಿ ಬಂಪರು ತಡವುತ್ತಾ, “ಜಿರಳೆ ತಡವರಿಸಿತು ಅಂತ ತಾನೇ ಬರೆದಿರೋದು? ಗೋಡೆಗೆ ಗುದ್ದಿತು ಅಂತ ಎಲ್ಲೂ ಬರೆದಿಲ್ವಲ್ಲ” ಅಂದಳು.

ಇಷ್ಟೆಲ್ಲ ಅವಮಾನದ ಮೇಲೆ, ಮನೆಗೆಲಸದಲ್ಲಿ ನನ್ನ ಪಾಲು ಏನೂ ಇಲ್ಲ ಎಂಬ ಮಾತು ಬಂತು. ಮಗಳು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಮನೆಯ ಕೆಲಸದಲ್ಲಿ ನೂರಕ್ಕೆ ಎಷ್ಟು ನಿಮ್ಮದು ಎಂದು ಬರೆಯಲು ಹೇಳಿದಳು. ನಾನು ಸಂಕೋಚದಿಂದಲೇ 40 ಬರೆದೆ. ಹೆಂಡತಿ 80. ಮೊಸರಿನ ಪ್ಯಾಕೆಟ್ ತರುವುದು ತಾನೇ ಎಂಬ ಆಧಾರದ ಮೇಲೆ ಮಗ 25. ಅಮ್ಮ, “ನಾನೀಗ ಏನು ಮಾಡ್ತೀನಪ್ಪಾ, ಸುಮ್ನೆ ನೋಡ್ಕೊಂಡಿರ್ತೀನಿ” ಎಂದು ಹೇಳಿ, ಆ ನೋಡಿಕೊಳ್ಳುವಿಕೆಗೆ 50 ಹಾಕಿಸಿದಳು. ಒಟ್ಟು 195. ಇಷ್ಟು ಕೆಲಸ ನಡೆಯುವ ಮನೆಯ ಸಿಂಕಿನಲ್ಲಿ ಆಗಲೂ ರಾತ್ರಿಯ ಪಾತ್ರೆಗಳು ಬಿದ್ದಿದ್ದವು. ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರಿ ಸಿಕೋಲಿ 1979ರಲ್ಲಿ ಗಂಡಹೆಂಡಿರನ್ನು ಬೇರೆ ಬೇರೆ ಕೇಳಿದಾಗಲೂ ಇಬ್ಬರ ಲೆಕ್ಕ ಕೂಡಿದರೆ ನೂರನ್ನು ಮೀರುತ್ತಿತ್ತು. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ. ನಾನು ತೊಳೆದ ಲೋಟ ನನಗೆ ನೆನಪಿರುತ್ತದೆ, ಅವಳು ತೊಳೆದ ರಾಶಿ ಪಾತ್ರೆ ನಾನಿಲ್ಲದ ಹೊತ್ತಿನಲ್ಲಿ ತೊಳೆದಿರುತ್ತಾಳೆ, ಅಷ್ಟೆ.

ನನ್ನ ಪರವಾಗಿ ಒಂದೇ ಒಂದು ಸಂಶೋಧನೆ ಇರಬಾರದೇ ಎಂದು ಕೇಳಿದೆ. ಇತ್ತು, ಅದೂ ನಮ್ಮೂರಿನದೇ. ಅಮೆರಿಕದ ಜೋನ್ ಮಿಲ್ಲರ್ ಎಂಬ ವಿದುಷಿ ಶಿಕಾಗೋದವರನ್ನೂ ನಮ್ಮ ಮೈಸೂರಿನವರನ್ನೂ ಹೋಲಿಸಿ 1984ರಲ್ಲಿ ಪ್ರಬಂಧ ಪ್ರಕಟಿಸಿದರು. ಯಾರಾದರೂ ಒಂದು ಕೆಲಸ ಮಾಡಿದರೆ, ಅದಕ್ಕೆ ಅವನ ಸ್ವಭಾವ ಕಾರಣ ಅನ್ನುವುದು ಶಿಕಾಗೋದ ದೊಡ್ಡವರಲ್ಲಿ ಹೆಚ್ಚು. ಅವನ ಸಂದರ್ಭ ಹಾಗಿತ್ತು ಅನ್ನುವುದು ಮೈಸೂರಿನ ದೊಡ್ಡವರಲ್ಲಿ ಹೆಚ್ಚು. ಚಿಕ್ಕ ಮಕ್ಕಳಲ್ಲಿ ಮಾತ್ರ ಅಂಥ ವ್ಯತ್ಯಾಸವಿಲ್ಲ. ಬೆಳೆಯುತ್ತಾ ಬೆಳೆಯುತ್ತಾ ಊರು ಕಲಿಸುತ್ತದೆ. ನಾನು ಕುಣಿದಾಡಿದೆ. “ನೋಡಿದೆಯೇನೇ? ಮೈಸೂರಿನೋರು ಸಂದರ್ಭ ನೋಡ್ತಾರಂತೆ. ನಾನು ಗ್ಯಾಸ್ ಬುಕ್ ಮಾಡೋದು ಮರೆತಿದ್ದಕ್ಕೆ ಆಫೀಸಿನ ಆಡಿಟ್ ಕಾರಣ.” ಹೆಂಡತಿ ಹುಣಸೆಹಣ್ಣು ಕಿವುಚುತ್ತಾ ಹೇಳಿದಳು: “ಹಾಲಿನೋನು ತಡ ಮಾಡಿದ್ರೆ ಸಂದರ್ಭ. ಕೆಲಸದೋಳು ಬರದಿದ್ರೆ ಸಂದರ್ಭ. ನೀವು ಮರೆತ್ರೆ ಮಾತ್ರ ಅದು ನಿಮ್ಮ ವಂಶದ ಬುದ್ಧಿ.” ಗಂಡಂದಿರ ವಿಷಯದಲ್ಲಿ ಮೈಸೂರು ಕೂಡ ಶಿಕಾಗೋನೇ.

ಕೈಕಾಲಿನ ಮಾತು ಹಾಗಿರಲಿ, ಗುಂಪು ಕಣ್ಣನ್ನೂ ಬಿಡುವುದಿಲ್ಲ. ಹೆಂಡತಿಯ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಎದುರಿಗೆ ಬಿಡಿಸಿಟ್ಟ ಸೀರೆ ನನ್ನ ಕಣ್ಣಿಗೆ ಗಿಳಿಹಸಿರು. ಅಂಗಡಿಯ ಹುಡುಗ “ಆನಂದ ಬ್ಲೂ ಮೇಡಂ” ಅಂದ. ಹೆಂಡತಿಯ ಅಕ್ಕ “ಎಂಥಾ ಬ್ಲೂ ನೋಡು” ಅಂದಳು. ಹೆಂಡತಿ “ಇಂಥ ಬ್ಲೂ ನನ್ನ ಹತ್ರ ಇಲ್ಲವೇ ಇಲ್ಲ” ಅಂದು, ನನ್ನ ಕಡೆ ತಿರುಗಿ “ಹೇಗಿದೇರೀ?” ಅಂದಳು. ನಾನು ಗಂಟಲು ಸರಿಮಾಡಿಕೊಂಡು, “ಒಳ್ಳೇ ಬ್ಲೂ” ಅಂದೆ. ದುಡ್ಡೂ ಕೊಟ್ಟೆ.

1951ರಲ್ಲಿ ಸಾಲಮನ್ ಆಶ್ ಪ್ರಕಟಿಸಿದ ಪ್ರಯೋಗದಲ್ಲಿ ಸೀರೆ ಇರಲಿಲ್ಲ, ಗೆರೆಗಳಿದ್ದವು. ಮೂರು ಗೆರೆಗಳಲ್ಲಿ ಯಾವುದು ಈ ಗೆರೆಯಷ್ಟೇ ಉದ್ದ ಎಂದು ಹೇಳಬೇಕು. ಮಗುವೂ ಹೇಳಬಹುದು. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಪಾಪದ ಪ್ರಾಣಿಯ ಸರದಿ ಕೊನೆಯ ಕಡೆಗೆ. ಅಂಥ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗುಂಪಿನ ತಪ್ಪಿಗೇ ಅಂಟಿಕೊಂಡಿದ್ದವು. ನಾಲ್ಕರಲ್ಲಿ ಮೂರು ಜನ ಒಂದು ಸಲವಾದರೂ ಸೋತರು. ಇದಕ್ಕೆ ದೊಡ್ಡ ಜಾತ್ರೆಯೇನೂ ಬೇಕಿಲ್ಲ, ಎದುರಿಗೆ ಮೂವರು ಒಮ್ಮತದಿಂದ ನಿಂತರೆ ಸಾಕು ಎಂದೂ ಆಶ್ ಕಂಡುಕೊಂಡರು. ಹುಡುಗ, ಅತ್ತಿಗೆ, ಹೆಂಡತಿ: ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಇದು ಈಗ ಬಂದ ಬುದ್ಧಿಯೂ ಅಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ‘ನಾಳೆ ಬಾ’ ಎಂಬ ಸುದ್ದಿ ಹಬ್ಬಿದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಹೊತ್ತು ದೆವ್ವ ಬಂದು ಪರಿಚಯದವರ ದನಿಯಲ್ಲಿ ಬಾಗಿಲು ಬಡಿಯುತ್ತದೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂದಕ್ಕೆ ಹೋಗುತ್ತದೆ ಎಂಬ ನಂಬಿಕೆ. ಆಗ ನಾನು ಬೆಂಗಳೂರಿನ ಒಂದು ವಠಾರದಲ್ಲಿದ್ದ ಬ್ರಹ್ಮಚಾರಿ, ಕಟ್ಟಾ ವಿಚಾರವಾದಿ. ದೆವ್ವಕ್ಕೆ ಓದಲು ಬರುತ್ತದೆಯೇ, ಬಂದರೂ ಕನ್ನಡವೇ ಬರುತ್ತದೆಯೇ ಎಂದು ಕಾಫಿ ಕುಡಿಯುತ್ತಾ ವಾದಿಸಿದವನು. ಆದರೆ ಒಂದು ಸಂಜೆ ನೋಡುತ್ತೇನೆ, ವಠಾರದ ಎಲ್ಲ ಬಾಗಿಲುಗಳ ಮೇಲೂ ಸೀಮೆಸುಣ್ಣದ ಬರಹ, ನನ್ನದೊಂದೇ ಖಾಲಿ. ದೆವ್ವ ಇಲ್ಲ, ಸರಿ. ಇದ್ದರೆ ನೇರವಾಗಿ ಎಲ್ಲಿಗೆ ಬರುತ್ತದೆ? ನಾನೂ ಬರೆದೆ, ದೆವ್ವಕ್ಕೆ ತೊಡಕಾಗದಿರಲೆಂದು ದುಂಡಗೆ ಬರೆದೆ. ಸಾಲ ಕೇಳಲು ಬಂದ ಅಂಗಡಿಯವನೂ ಅದನ್ನು ಓದಿ ಹಿಂದಕ್ಕೆ ಹೋದದ್ದು ನನಗೆ ಸಿಕ್ಕ ಲಾಭ.

ಎಷ್ಟೋ ವರ್ಷದ ಮೇಲೆ ಆ ವಠಾರದವರು ಒಂದು ಮದುವೆಯಲ್ಲಿ ಸಿಕ್ಕರು. ಒಬ್ಬೊಬ್ಬರದೂ ಒಂದೇ ಮಾತು: “ನಮಗೇನೂ ನಂಬಿಕೆ ಇರ್ಲಿಲ್ಲ. ನೀವೆಲ್ಲ ಬರೆದಿದ್ರಲ್ಲ, ಅದಕ್ಕೇ.” ಒಳಗೊಳಗೇ ಯಾರೂ ನಂಬುವುದಿಲ್ಲ, ಆದರೆ ತನ್ನನ್ನು ಬಿಟ್ಟು ಎಲ್ಲರೂ ನಂಬಿದ್ದಾರೆ ಎಂದು ಪ್ರತಿಯೊಬ್ಬನೂ ತಿಳಿದಿರುತ್ತಾನೆ. ಈ ಸಾಮೂಹಿಕ ತಪ್ಪು ತಿಳಿವಳಿಕೆಯನ್ನು ಗುರುತಿಸಿ ಹೆಸರಿಟ್ಟವರು ಫ್ಲಾಯ್ಡ್ ಆಲ್‌ಪೋರ್ಟ್. ನಮ್ಮ ವಠಾರದಲ್ಲಿ ದೆವ್ವ ಇರಲಿಲ್ಲ, ಇದ್ದವರು ಅಕ್ಕಪಕ್ಕದವರು.

ಇಷ್ಟೆಲ್ಲ ಗೊತ್ತಿದ್ದ ಮೇಲೂ ನಾವು ಮದ್ದೂರಿಗೆ ಹೋದೆವು.

ಏಪ್ರಿಲಿನ ಮಧ್ಯಾಹ್ನ. ಊಟವಾಗಿತ್ತು. ಫ್ಯಾನು ತಿರುಗುತ್ತಿತ್ತು. ಎಲ್ಲರೂ ತಣ್ಣಗೆ ಮಲಗುವ ಹೊತ್ತು. ಹೆಂಡತಿ ಯಾಕೋ ಸಪ್ಪಗಿದ್ದಾಳೆ ಅನ್ನಿಸಿ, “ಮದ್ದೂರಿಗೆ ಹೋಗಿ ವಡೆ ತಿಂದು ಬರೋಣ್ವಾ?” ಅಂದೆ. ಯಾರಾದರೂ ಬೇಡ ಅನ್ನಲಿ ಎಂದೇ ಕೇಳಿದ್ದು. ಹೆಂಡತಿ “ನಿಮ್ಮಿಷ್ಟ” ಅಂದಳು. ಮಗಳು “ಅಮ್ಮಂಗೆ ಓಕೆ ಆದ್ರೆ ನಂಗೂ ಓಕೆ” ಅಂದಳು. ಅಮ್ಮ “ಮಕ್ಕಳು ಆಸೆ ಪಟ್ರೆ ನಾನ್ಯಾಕೆ ಅಡ್ಡ ಬರಲಿ” ಎಂದು ಸೀರೆ ಬದಲಾಯಿಸಲು ಎದ್ದಳು. ಯಾವುದಕ್ಕೆ ಕರೆದರೂ ‘ನಾನು ಬರಲ್ಲ’ ಅನ್ನುವ ಮಗ ಅವತ್ತು ಕ್ರಿಕೆಟ್ ಆಡಲು ಹೋಗಿದ್ದ.

ಮೈಸೂರಿನಿಂದ ಮದ್ದೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಮದ್ದೂರು ವಡೆ ನಮ್ಮ ಬೀದಿಯ ಬೇಕರಿಯಲ್ಲೂ ಸಿಗುತ್ತದೆ. ಕಾರಿನ ಎ.ಸಿ. ಕೈಕೊಟ್ಟಿತ್ತು. ಕಿಟಕಿ ತೆಗೆದರೆ ಬಿಸಿಗಾಳಿ, ಮುಚ್ಚಿದರೆ ಬಿಸಿನೀರಿನ ಹಂಡೆ. ವಡೆ ತಣ್ಣಗಾಗಿತ್ತು. ಹಲ್ಲಿಲ್ಲದ ಅಮ್ಮ ಅದನ್ನು ಕಾಫಿಯಲ್ಲಿ ಅದ್ದಿ, ಕಾಫಿಯನ್ನಷ್ಟೇ ಕುಡಿದಳು. ದಾರಿಯುದ್ದಕ್ಕೂ ನಾಲ್ವರೂ ‘ಎಷ್ಟು ಚೆನ್ನಾಗಿದೆ, ಅಲ್ವಾ’ ಅನ್ನುತ್ತಿದ್ದೆವು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅಮ್ಮ ಉಸಿರುಬಿಟ್ಟಳು: “ನನಗೇನೂ ಬರೋ ಮನಸ್ಸಿರ್ಲಿಲ್ಲ ಕಣೋ.” “ನನಗೂ” ಅಂದಳು ಹೆಂಡತಿ, “ಇವರು ಆಸೆಪಟ್ರು ಅಂತ.” “ನಾನಾ? ನಿನಗೋಸ್ಕರ ಕೇಳಿದ್ದು!” ಅಂದೆ ನಾನು. ಮಗಳು ಮಾತ್ರ ಹಣೆ ಚಚ್ಚಿಕೊಂಡಳು. ಪರೀಕ್ಷೆಗೆ ಅವಳು ಓದಿದ್ದ ಪಾಠ ಅಕ್ಷರಶಃ ನಡೆದುಹೋಗಿತ್ತು, ಅದೂ ಹಿಂದಿನ ಸೀಟಿನಲ್ಲಿ ಅವಳನ್ನೇ ಕೂರಿಸಿಕೊಂಡು.

ಆ ಪಾಠ ಬರೆದವರು ಜೆರ್ರಿ ಹಾರ್ವೆ ಎಂಬ ಅಮೆರಿಕದ ಪ್ರಾಧ್ಯಾಪಕರು, 1974ರಲ್ಲಿ. ಟೆಕ್ಸಸ್‌ನ ಕೋಲ್ಮನ್ ಎಂಬ ಊರಿನ ಮಾವನ ಮನೆಯಲ್ಲಿ ಅವರು ಡಾಮಿನೋ ಆಡುತ್ತಾ ಹಾಯಾಗಿ ಕೂತಿದ್ದರು. 104 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಮಾವ, ಅಬಿಲೀನ್‌ಗೆ ಹೋಗಿ ಊಟ ಮಾಡಿ ಬರೋಣ ಅಂದರು. 53 ಮೈಲಿ ದೂರ, ಎ.ಸಿ. ಇಲ್ಲದ ಕಾರು, ಧೂಳು, ಕೆಟ್ಟ ಊಟ. ವಾಪಸು ಬಂದ ಮೇಲೆ ತಿಳಿಯಿತು, ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಉಳಿದವರಿಗೆ ಬೇಸರವಾಗಿರಬಹುದೆಂದು ಮಾವ ಸುಮ್ಮನೆ ಕೇಳಿದ್ದಷ್ಟೆ. ಸಂಸ್ಥೆಗಳು ಮುಳುಗುವುದು ಜಗಳದಿಂದಷ್ಟೇ ಅಲ್ಲ, ಹೀಗೆ ಬಾಯಿಬಿಡದ ಒಪ್ಪಿಗೆಯಿಂದಲೂ ಹೌದು ಎನ್ನುವುದು ಹಾರ್ವೆ ಅವರ ವಾದ. ಅಲ್ಲಿ ಮಾವ ಮಾಡಿದ್ದನ್ನು ಇಲ್ಲಿ ಅಳಿಯನೇ ಮಾಡಿದ್ದಾನೆ ಎಂದು ನನ್ನ ಹೆಂಡತಿ ತೌರಿಗೆ ಫೋನ್ ಮಾಡಿ ತಿಳಿಸಿದಳು.

ಹಾಗಾದರೆ ಬಿಡುಗಡೆ ಇಲ್ಲವೇ? ಇದೆ, ಅದನ್ನೂ ಆಶ್ ಅವರೇ ಹೇಳಿದ್ದಾರೆ. ಗುಂಪಿನಲ್ಲಿ ಬೇರೆ ಒಬ್ಬನಾದರೂ ಸರಿಯುತ್ತರ ಹೇಳಿದರೆ, ಪಾಪದ ಪ್ರಾಣಿ ತಲೆಬಾಗುವುದು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಇನ್ನೂ ಸ್ವಾರಸ್ಯವೆಂದರೆ ಆ ಒಬ್ಬನ ಉತ್ತರ ಸರಿಯಾಗಿರಬೇಕೆಂದೂ ಇಲ್ಲ. ಅವನು ಬೇರೊಂದು ತಪ್ಪು ಹೇಳಿದರೂ ಒಮ್ಮತದ ಹಿಡಿತ ಸಡಿಲವಾಗುತ್ತದೆ.

ಇದು ನಮ್ಮಲ್ಲೂ ರುಜುವಾತಾಯಿತು. ಭಾವಮೈದನ ಮಗಳ ಸೀಮಂತಕ್ಕೆ ಮನೆಯ ಗಂಡಸರೆಲ್ಲ ಒಂದೇ ರಾಣಿ ಬಣ್ಣದ ಜುಬ್ಬ ಹೊಲಿಸಬೇಕೆಂಬ ಸಲಹೆ ಬಂತು. ಎಲ್ಲರೂ ‘ಹೂಂ’ ಅಂದೆವು. ಮಗ ಮೊಬೈಲಿನಿಂದ ತಲೆಯೆತ್ತದೆ, “ನಾನು ಹಾಕ್ಕೊಳ್ಳಲ್ಲ” ಅಂದ. ಒಂದು ಗಳಿಗೆ ಮೌನ. ಆಮೇಲೆ ಷಡ್ಡಕ “ನನಗೂ ಆ ಬಣ್ಣ ಒಗ್ಗಲ್ಲ” ಅಂದರು. ಭಾವಮೈದ “ನಿಜ ಹೇಳ್ಬೇಕಂದ್ರೆ ನನಗೂ...” ಅಂದ. ಎಲ್ಲರೂ ಬೇಡ ಅಂದದ್ದು ಖಾತ್ರಿಯಾದ ಮೇಲೆ ನಾನು ಎದ್ದು ನಿಂತು, “ನಾನು ಮೊದಲಿಂದಲೂ ಅದನ್ನೇ ಹೇಳ್ತಾ ಇದೀನಿ” ಎಂದು ಗುಡುಗಿದೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಿ ಎಲ್ಲದಕ್ಕೂ ‘ಬೇಡ’ ಅನ್ನುವ ಒಬ್ಬ ಅಡ್ಡಬಾಯಿ ಇದ್ದರೆ ಗದರಬೇಡಿ. ಮನೆಯ ದುಡ್ಡು, ಪೆಟ್ರೋಲು, ಭಾನುವಾರ ಮೂರನ್ನೂ ಉಳಿಸುವುದು ಆ ಬಾಯಿಯೇ. ಅಂಥವರು ಯಾರೂ ಇಲ್ಲದಿದ್ದರೆ, ಊರಿಗೆ ಹೊರಡುವ ಮೊದಲು ಚೀಟಿಯ ಮೇಲೆ ಬರೆಸಿಕೊಳ್ಳಿ. ಆಶ್ ಅವರ ಪ್ರಯೋಗದಲ್ಲೂ ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಜನ ಹೆಚ್ಚು ಧೈರ್ಯವಂತರಾಗಿದ್ದರು. ಹೆಸರು ಬರೆಸಬೇಡಿ. ಸಾಧ್ಯವಾದರೆ ಎಡಗೈಯಲ್ಲಿ ಬರೆಯಿರಿ. ಕೈಬರಹ ಗುರುತು ಹಿಡಿಯುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.